ಗುಡ್ಡದ ಸದ್ದು ಊರಿಗೆ ಬಂದದ್ದು

ನಾನು ಯುದ್ಧ ಮುಗಿಸಿ ಊರಿಗೆ ಬಂದ ದಿನ ನನ್ನ ಹೆಂಡತಿ ಮಾಯಮ್ಮ ಕಾಲಿಗೆ ನೀರು ಕೊಟ್ಟು, ನಾನು ಮುಖ ಒರೆಸಿಕೊಳ್ಳುವಷ್ಟರಲ್ಲಿ ಬೆರಳು ಮಡಿಚಿ ಎಣಿಸತೊಡಗಿದಳು. ಒಂಬತ್ತನೆಯ ದಿನ ಗುರುವಾರ ಬೀಳುತ್ತಿತ್ತು. ಸದ್ಯ ಸಂತೆಯ ದಿನವಲ್ಲ ಎಂದಳು. ಆಮೇಲೆ ಎದುರು ಮನೆಯ ಕಡೆ ನೋಡಿ, ಅಲ್ಲಿ ಬಾಣಂತಿ ಇದ್ದಾಳೆ, ಮೊದಲೇ ಹೇಳಿಬಿಡಬೇಕು ಎಂದಳು. ನಾನು ಹೇಗಿದ್ದೇನೆ, ಏನಾಯಿತು ಎಂದು ಕೇಳಲಿಲ್ಲ. ಒಂಬತ್ತನೆಯ ದಿನ ತಾನಾಗಿಯೇ ಗೊತ್ತಾಗುತ್ತದೆಂದು ಅವಳಿಗೆ ತಿಳಿದಿತ್ತು.

ನಮ್ಮ ಊರಿನಿಂದ ಹೊರಗೆ ಹೋಗಿ ವಾರಕ್ಕೆ ಮೇಲೆ ಇದ್ದು ಬಂದವರಿಗೆಲ್ಲ ಇದು ಇದ್ದದ್ದೇ. ಬಂದ ಒಂಬತ್ತನೆಯ ದಿನ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ, ಅವರು ಹೊರಗೆ ಕಳೆದ ಯಾವುದಾದರೂ ಒಂದು ದಿನದ ಸದ್ದೆಲ್ಲ ಅವರು ಕೂತಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಅವರ ಕಿವಿಗೆ ಬಿದ್ದದ್ದು ಅಷ್ಟೂ, ಬಿದ್ದ ಹೊತ್ತಿಗೆ ಸರಿಯಾಗಿ. ಯಾವ ದಿನ ಬರಬೇಕೆಂದು ಆರಿಸಿಕೊಳ್ಳುವುದು ಯಾರ ಕೈಲೂ ಇಲ್ಲ, ಆದರೆ ಹೆಚ್ಚಾಗಿ ಎದೆಯ ಮೇಲೆ ಕೂತ ದಿನವೇ ಬರುತ್ತದೆ. ಮಗಳು ತವರಿಗೆ ಬಂದರೆ ತಾಯಂದಿರು ಅವತ್ತು ಕೆಲಸ ಬಿಟ್ಟು, ಗೋಡೆಗೆ ಒರಗಿ ಕೂತು, ಅತ್ತೆಮನೆಯಲ್ಲಿ ಅವಳ ಹತ್ತಿರ ಯಾರು ಯಾವ ದನಿಯಲ್ಲಿ ಮಾತಾಡುತ್ತಾರೆಂದು ಕೇಳಿಸಿಕೊಳ್ಳುತ್ತಾರೆ. ಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಒಬ್ಬನ ಮನೆಯಲ್ಲಿ ಇಡೀ ದಿನ ಲೋಟ ತೊಳೆಯುವ ಸದ್ದು ಮಾತ್ರ ಬಂತು. ಅವನ ಅಪ್ಪ ಮಗನನ್ನು ಊರಲ್ಲೇ ಉಳಿಸಿಕೊಂಡ. ಯಾರಿಗೂ ಕೇಳಿಸಬಾರದ್ದು ಇದ್ದವರು ಬುತ್ತಿ ಕಟ್ಟಿಕೊಂಡು ಹೊಳೆ ದಾಟಿ, ಆಚೆಯ ಬಂಡೆಗಳ ಮೇಲೆ ಅವತ್ತಿನ ದಿನ ಕಳೆದು ಬರುತ್ತಾರೆ. ಹೊಳೆಯಾಚೆ ಸದ್ದು ಬರುವುದಿಲ್ಲ. ಹಾಗೆ ಹೋದವರನ್ನು ಯಾರೂ ಏನೂ ಕೇಳುವುದಿಲ್ಲ, ಮರೆಯುವುದೂ ಇಲ್ಲ.

ನಾನು ಬಂದ ಮಾರನೆಯ ದಿನ ಸಾಕವ್ವ ಬಂದಳು. ಊರ ಕೊನೆಯಲ್ಲಿ ಸುಣ್ಣದ ಗೂಡು ಇಟ್ಟುಕೊಂಡು ಸುಣ್ಣ ಸುಡುವ ಹೆಂಗಸು. ಅವಳ ಒಬ್ಬನೇ ಮಗ ಚೆನ್ನಿಗ ಮತ್ತು ನಾನು ಒಂದೇ ದಿನ ಸೈನ್ಯಕ್ಕೆ ಸೇರಿದ್ದೆವು. ಅದಕ್ಕೆ ಮೊದಲು ನಾನು ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದೆ, ಅವನು ತಾಯಿಯ ಜೊತೆ ಗೂಡಿಗೆ ಕಲ್ಲು ತುಂಬುತ್ತಿದ್ದ. ಅವನ ಬೂದಿಯ ಕುಡಿಕೆ ನನಗಿಂತ ಎರಡು ತಿಂಗಳು ಮೊದಲೇ ಊರು ಸೇರಿತ್ತು. ಸಾಕವ್ವ ಜಗಲಿಯ ಮೇಲೆ ಕೂತು, ಸುಣ್ಣಕ್ಕೆ ಬಿರಿದ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವನು ಹೇಗೆ ಹೋದನೆಂದು ಕೇಳಿದಳು. ಎದೆಗೆ ಗುಂಡು ಬಿತ್ತು, ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ ಎಂದೆ. ಏನಾದರೂ ಮಾತಾಡಿದನೇ ಎಂದು ಕೇಳಿದಳು. ಮಾತಾಡುವಷ್ಟು ಹೊತ್ತು ಇರಲಿಲ್ಲ ಎಂದೆ. ಈ ಮಾತುಗಳನ್ನು ನಾನು ರೈಲಿನಲ್ಲಿ ಎರಡು ದಿನ ಜೋಡಿಸಿಕೊಂಡು ಬಂದಿದ್ದೆ.

ಅವಳು ತಲೆಯಾಡಿಸಿ ಎದ್ದಳು. ಮೆಟ್ಟಿಲು ಇಳಿದು ನಿಂತು ಹೇಳಿದಳು. "ಗುರುವಾರ ಬತ್ತೀನಿ ಕಣಪ್ಪ. ಅವ್ನ ದನಿ ಇದ್ರೆ ಒಂದು ಸಲ ಕೇಳ್ತೀನಿ."

ಬೇರೆ ಯಾವುದೋ ದಿನ ಬಂದರೂ ಬರಬಹುದು ಎಂದು ನಾನು ತೊದಲಿದೆ. ಅವಳು ಆಗಲೇ ಬೀದಿಗೆ ಇಳಿದಿದ್ದಳು.

ಯಾವ ದಿನ ಬರುತ್ತದೆಂದು ನನಗೆ ಗೊತ್ತಿತ್ತು. ಆ ದಿನ ನಡೆದದ್ದು ಇಷ್ಟು. ಒಂದು ಬೋಳು ಗುಡ್ಡದ ನೆತ್ತಿಯಲ್ಲಿ ಎದುರಾಳಿಗಳ ಬಂಕರ್ ಇತ್ತು, ಅದರಲ್ಲಿ ಒಂದು ಮೆಷಿನ್ ಗನ್. ಅದನ್ನು ಹಿಡಿಯಬೇಕೆಂದು ನಮ್ಮ ಪ್ಲಟೂನಿಗೆ ಹುಕುಂ ಆಗಿತ್ತು. ಬೆಳಗಿನ ಮಂಜು ಇನ್ನೂ ಇರುವಾಗ, ಒಬ್ಬರಿಂದ ಒಬ್ಬರು ಹತ್ತು ಹೆಜ್ಜೆ ದೂರವಿಟ್ಟುಕೊಂಡು ಹತ್ತತೊಡಗಿದೆವು. ನನ್ನ ಎಡಗಡೆ ಚೆನ್ನಿಗ. ಅರ್ಧ ಹತ್ತುವಷ್ಟರಲ್ಲಿ ಬಿಸಿಲು ಬಂದು, ಬಟ್ಟೆ ಎಳೆದ ಹಾಗೆ ಮಂಜು ಹೋಗಿಬಿಟ್ಟಿತು. ನಾವು ಎಲ್ಲರೂ ಬಯಲಲ್ಲಿ ನಿಂತಿದ್ದೆವು. ಆಗ ಮೇಲಿನಿಂದ ಶುರುವಾಯಿತು. ಗುಂಡು ದೂರದಲ್ಲಿ ಬಿದ್ದರೆ ಸದ್ದು ದೊಡ್ಡದು. ಹತ್ತಿರ ಹಾಯ್ದರೆ ಕಿವಿಯ ಪಕ್ಕ ಯಾರೋ ಚಿಟಿಕೆ ಹೊಡೆದಷ್ಟೇ. ನಾನು ಸೀಳು ಬಿದ್ದ ಒಂದು ಬಂಡೆಯ ಹಿಂದೆ ಬಿದ್ದುಕೊಂಡೆ. ಚೆನ್ನಿಗನಿಗೆ ಬಂಡೆ ಸಿಗಲಿಲ್ಲ. ಗುಂಡು ಅವನ ಸೊಂಟಕ್ಕೆ ತಗುಲಿತು.

ಅವನು ಬಿದ್ದದ್ದು ನನ್ನಿಂದ ಹದಿನೈದು ಮಾರು ದೂರದಲ್ಲಿ, ಕುರುಚಲು ಹುಲ್ಲಿನ ಮೇಲೆ. ನಡುವೆ ಏನೂ ಇರಲಿಲ್ಲ. ಮೇಲಿನ ಗನ್ನಿನವನಿಗೆ ಆ ಹದಿನೈದು ಮಾರು ತನ್ನ ಅಂಗೈ ಇದ್ದ ಹಾಗೆ ಕಾಣುತ್ತಿತ್ತು. ನಮ್ಮಲ್ಲೇ ಕಟ್ಟುಮಸ್ತಾಗಿದ್ದ ಒಬ್ಬ ಅವನನ್ನು ಎಳೆದು ತರುತ್ತೇನೆಂದು ಎದ್ದು, ಎರಡನೆಯ ಹೆಜ್ಜೆಗೇ ಬಿದ್ದು, ಮತ್ತೆ ಅಲುಗಲಿಲ್ಲ. ಇನ್ನು ಯಾರೂ ಏಳಕೂಡದೆಂದು ಸುಬೇದಾರರು ಹಿಂದಿನಿಂದ ಕೂಗಿದರು. ಹಿಂದಿನ ಇಳಿಜಾರಿನಿಂದ ಇನ್ನೊಂದು ತಂಡ ಹತ್ತುತ್ತಿತ್ತು, ಅವರು ಮೇಲೆ ಮುಟ್ಟುವವರೆಗೆ ನಾವು ಬಿದ್ದಲ್ಲೇ ಇರಬೇಕಾಗಿತ್ತು. ಅವರು ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಅಲ್ಲಿಯವರೆಗೂ ಚೆನ್ನಿಗ ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ನಾನು ಬಂಡೆಗೆ ಹಣೆ ಒತ್ತಿಕೊಂಡು ಬಾಯಿ ಬಿಗಿಹಿಡಿದು ಬಿದ್ದಿದ್ದೆ. ಹಾಗೆಂದೇ ನನ್ನ ನೆನಪು.

ನಾಲ್ಕನೆಯ ದಿನ ಊರ ಯಜಮಾನರು ಬಂದು ಕೂತು, ಬೇಸಾಯ ಹೇಗೆ, ಎತ್ತುಗಳು ಹೇಗೆ ಎಂದೆಲ್ಲ ಮಾತಾಡಿ, ಕೊನೆಗೆ ಹೊಳೆಯಾಚೆ ಈಗ ಒಳ್ಳೆಯ ನೆರಳಿದೆ ಎಂದರು. ಯುದ್ಧದ ಸದ್ದು ಈ ಊರಿಗೆ ಬಂದದ್ದನ್ನು ತಮ್ಮ ಕಾಲದಲ್ಲಿ ಕಂಡದ್ದಿಲ್ಲವಂತೆ. ಅವರ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಹೋಗುತ್ತೇನೆ ಎಂದೆ. ಮಾಯಮ್ಮ ಬುತ್ತಿಗೆ ರೊಟ್ಟಿ ಸಾಕೋ ಅನ್ನವೂ ಬೇಕೋ ಎಂದು ಮಾತ್ರ ಕೇಳಿದಳು.

ಆದರೆ ಸಾಕವ್ವನಿಗೆ ಹೇಳದೆ ಹೋಗುವುದು ಹೇಗೆ? ಬುಧವಾರ ಮಧ್ಯಾಹ್ನ ಗೂಡಿನ ಹತ್ತಿರ ಹೋದೆ. ಅವಳು ಸುಟ್ಟ ಕಲ್ಲನ್ನು ತೊಟ್ಟಿಗೆ ಹಾಕಿ ನೀರು ಹೊಯ್ಯುತ್ತಿದ್ದಳು. ಕಲ್ಲು ಕೊತಕೊತ ಕುದಿದು ಬಿರಿಯುತ್ತಿತ್ತು. ನಾಳೆ ನನಗೆ ಬೇರೆ ಊರಲ್ಲಿ ಕೆಲಸವಿದೆ ಎಂದು ಹೇಳಲು ಹೋದವನು ನಾನು. ಅವಳು ನನ್ನ ಕಡೆ ತಿರುಗಿ, ನಾಳೆ ಉಡುವುದಕ್ಕೆ ಸೀರೆ ಒಗೆದು ಹಾಕಿದ್ದೇನೆ ಎಂದಳು. ಬೇಲಿಯ ಮೇಲೆ ಹಸಿರು ಸೀರೆ ಒಣಗುತ್ತಿತ್ತು. ನನ್ನ ಬಾಯಿಂದ ಬೇರೆಯದೇ ಬಂತು.

"ಅವ್ವ, ನಾನು ನಿನ್ಗೆ ಸುಳ್ಳು ಹೇಳ್ದೆ. ಅವ್ನು ತಟ್ನೆ ಹೋಗ್ಲಿಲ್ಲ."

ಅವಳು ನೀರಿನ ಕೊಡವನ್ನು ಕೆಳಗಿಟ್ಟಳು. ಎಷ್ಟು ಹೊತ್ತು ಇದ್ದ ಎಂದು ಕೇಳಿದಳು. ಬಿಸಿಲು ಬಿದ್ದಾಗಿನಿಂದ ಹೊತ್ತು ನೆತ್ತಿಗೆ ಬರುವವರೆಗೆ ಎಂದೆ. ನೀನು ಎಷ್ಟು ದೂರದಲ್ಲಿದ್ದೆ ಎಂದು ಕೇಳಿದಳು. ನಾನು ಬೇಲಿಯಾಚೆಯ ಹುಣಿಸೆ ಮರ ತೋರಿಸಿದೆ. ಅವಳು ತಾನು ನಿಂತಲ್ಲಿಂದ ಮರದವರೆಗೆ ನೋಡಿದಳು, ಮತ್ತೆ ಮರದಿಂದ ತನ್ನ ಕಾಲಿನವರೆಗೆ ನೋಡಿದಳು.

"ಕರೆದ್ನಾ?"

"ಕರೆದ."

"ನೀನು ಹೋಗ್ಲಿಲ್ಲ."

"ಹೋಗ್ಲಿಲ್ಲ ಅವ್ವ. ಒಂದು ಮಾತೂ ಆಡ್ಲಿಲ್ಲ."

ತೊಟ್ಟಿಯ ಕುದಿ ಇಳಿಯುತ್ತಿತ್ತು. ಅವಳು ಕೋಲು ತೆಗೆದುಕೊಂಡು ಸುಣ್ಣ ಕಲಕಿದಳು, ಬಹಳ ಹೊತ್ತು ಕಲಕಿದಳು. ಕಲಕುತ್ತಲೇ ನಾಳೆ ಹೊಳೆ ದಾಟಬೇಡ ಎಂದಳು.

ಗುರುವಾರ ಬೆಳಕು ಹರಿಯುವ ಮೊದಲೇ ಬೀದಿಯವರು ದನಗಳನ್ನು ಹೊಡೆದುಕೊಂಡು ಹೋದರು. ಎದುರು ಮನೆಯ ಬಾಣಂತಿ ಕೂಸನ್ನು ಕಟ್ಟಿಕೊಂಡು ಮೇಲಿನ ಕೇರಿಯ ಚಿಕ್ಕಮ್ಮನ ಮನೆಗೆ ಹೋದಳು. ಮಾಯಮ್ಮ ನೆಲುವಿನಲ್ಲಿ ತೂಗುತ್ತಿದ್ದ ಗಡಿಗೆಗಳನ್ನೆಲ್ಲ ಇಳಿಸಿ ಹುಲ್ಲಿನ ಮೇಲೆ ಸಾಲಾಗಿ ಇಟ್ಟಳು. ಸಾಕವ್ವ ಸ್ನಾನ ಮಾಡಿ ಹಸಿರು ಸೀರೆ ಉಟ್ಟು ಬಂದು, ನಡುಮನೆಯ ಕಂಬಕ್ಕೆ ಒರಗಿ ಕೂತಳು. ನಾನು ಎದುರಿಗೆ ಚಾಪೆಯ ಮೇಲೆ ಕೂತೆ.

ಮೊದಲು ಕೇಳಿಸಿದ್ದು ಉಸಿರು. ನನ್ನದೇ. ಆಮೇಲೆ ಬೂಟುಗಳ ಕೆಳಗೆ ಕಲ್ಲು ಜಾರುವ ಸದ್ದು, ಯಾರೋ ಕೆಮ್ಮು ನುಂಗಿದ್ದು. ಆಮೇಲೆ ಚೆನ್ನಿಗನ ಪಿಸುಮಾತು, ನಮ್ಮ ನಡುಮನೆಯ ಬಾಗಿಲ ಹತ್ತಿರ ನಿಂತು ಆಡಿದ ಹಾಗೆ. "ಲೇ ದ್ಯಾವ, ನನ್ನ ಬೂಟಿನ ದಾರ ಬಿಚ್ಕೊಂಡದೆ. ತಾಳ್ಲಾ." ಸಾಕವ್ವನ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು. "ಅವ್ನೇ" ಎಂದಳು, ಮಾಯಮ್ಮನ ಕಡೆ ತಿರುಗಿ. ಅವಳ ಮುಖ ಅರಳಿತ್ತು. ಆ ಬೂಟಿನ ದಾರದ ಮಾತು ನನಗೆ ಮರೆತೇ ಹೋಗಿತ್ತು.

ಗುಂಡು ಶುರುವಾದಾಗ ಹೆಂಚಿನ ಸಂದಿಯಿಂದ ಧೂಳು ಉದುರಿತು. ಬೀದಿಯ ನಾಯಿಗಳು ಊರ ಹೊರಗೆ ಓಡಿದವು. ಯಾವುದೋ ಮನೆಯಲ್ಲಿ ಮುದುಕರೊಬ್ಬರು ದೇವರ ಹೆಸರು ಹೇಳತೊಡಗಿದರು. ನನ್ನ ಮೈ ಚಾಪೆಯ ಮೇಲೆ ತಾನಾಗಿ ಚಪ್ಪಟೆಯಾಗಿ ಬಿದ್ದಿತ್ತು. ಮಾಯಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟಾಗಲೇ ನನಗೆ ಅದು ಗೊತ್ತಾದದ್ದು. ಎದ್ದು ಕೂತೆ. ಸಾಕವ್ವ ಕಂಬಕ್ಕೆ ಒರಗಿದ್ದವಳು ಒರಗಿಯೇ ಇದ್ದಳು. ಅವಳು ಗುಂಡುಗಳನ್ನು ಬದಿಗೆ ಸರಿಸಿ ನಡುವೆ ಏನನ್ನೋ ಹುಡುಕುವವಳ ಹಾಗೆ ತಲೆ ಓರೆ ಮಾಡಿಕೊಂಡಿದ್ದಳು.

"ದ್ಯಾವಾ... ಬಾರ್ಲಾ..."

ಅದು ಬಂದ ಕೂಡಲೆ ಇನ್ನೊಂದು ದನಿ ಬಂತು. ಹತ್ತಿರದ್ದು, ಒಡೆದದ್ದು. "ಬಂದೆ ಕಣ್ಲಾ. ಬಂದೆ. ಇಗೋ ಬಂದೆ." ಅದು ಯಾರೆಂದು ನನಗೆ ಹೊಳೆಯಲಿಲ್ಲ. ಮಾಯಮ್ಮ ನನ್ನ ಮುಖ ನೋಡಿದಳು. ಆಗ ತಿಳಿಯಿತು. ಅವನು ಕರೆದಾಗಲೆಲ್ಲ ನಾನು ಕೂಗಿ ಹೇಳಿದ್ದೆ. ಬಂದೆ, ಇನ್ನೊಂದು ಚಣ, ಇಗೋ ಎದ್ದೆ. ಕಣ್ಣು ಮುಚ್ಚಬೇಡ, ಬಂದೆ. ಬಿಸಿಲು ಏರಿದ ಹಾಗೆ ಅವನ ಕರೆ ಸಣ್ಣದಾಯಿತು. ಹೆಸರು ಬಿಟ್ಟುಹೋಯಿತು. "ಬಂದ್ಯಾ?" ಎಂದು ಮಾತ್ರ ಕೇಳುತ್ತಿದ್ದ. "ಬಂದೆ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬಂದ್ಯಾ?" "ಬಂದೆ." ಕೊನೆಯ ಸಲ ಅವನು ಕೇಳಿದಾಗ ನಾನು "ಹೂಂ" ಎಂದಷ್ಟೇ ಅಂದಿದ್ದೆ. ಆಮೇಲೆ ಅವನು ಕೇಳಲಿಲ್ಲ.

ಮಾತೇ ಆಡಲಿಲ್ಲ ಎಂದು ಅಷ್ಟು ದಿನ ನನ್ನನ್ನು ನಾನೇ ಹಳಿದುಕೊಂಡಿದ್ದೆ. ಈಗ ನೋಡಿದರೆ ಅದಕ್ಕಿಂತ ಒಳ್ಳೆಯದನ್ನು ಮಾಡಿದ್ದೆನೋ ಕೆಟ್ಟದ್ದನ್ನು ಮಾಡಿದ್ದೆನೋ ನನಗೆ ಹೇಳಲು ಬರಲಿಲ್ಲ. ಸಾಕವ್ವ ಕಣ್ಣು ಮುಚ್ಚಿದ್ದಳು. ಅವಳ ತುಟಿ ಮಾತ್ರ ಪ್ರತಿ ಸಲವೂ ಅಲುಗುತ್ತಿತ್ತು, ಮಗನ ಜೊತೆಗೋ ನನ್ನ ಜೊತೆಗೋ ತಿಳಿಯಲಿಲ್ಲ.

ಮಧ್ಯಾಹ್ನಕ್ಕೆ ಗನ್ನು ನಿಂತಿತು. ನಾವು ಎದ್ದು ಮೇಲಕ್ಕೆ ಓಡಿದ್ದು ಕೇಳಿಸಿತು. ನಾನು ಚೆನ್ನಿಗನ ಪಕ್ಕದಲ್ಲೇ ಹಾಯ್ದು ಓಡಿದ್ದೆ, ಬಗ್ಗಿ ನೋಡಿರಲಿಲ್ಲ. ಅದು ಸದ್ದಿನಲ್ಲಿ ತಿಳಿಯುವಂಥದ್ದಲ್ಲ, ಆದರೂ ನಾನು ತಲೆ ತಗ್ಗಿಸಿದೆ. ಬಂಕರಿನ ಬಾಯಲ್ಲಿ ಯಾರೋ ನಮಗೆ ಬಾರದ ಭಾಷೆಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದರು. ನನ್ನ ಗಂಟಲಿನಿಂದ ಒಂದು ಸದ್ದು ಬಂತು. ಲಾಳ ಹೊಡೆಯುವಾಗ ಎತ್ತನ್ನು ಕೆಡವಲು ನಾನು ಬಲ ಹಾಕುವ ಸದ್ದು ಅದೇ. ಆಮೇಲೆ ಆ ಭಾಷೆ ಕೇಳಿಸಲಿಲ್ಲ. ಮಾಯಮ್ಮ ಎದ್ದು ಅಡಿಗೆ ಮನೆಗೆ ಹೋದಳು. ಅಲ್ಲಿ ಯಾವ ಪಾತ್ರೆಯ ಸದ್ದೂ ಆಗಲಿಲ್ಲ.

ನಾನು ಸಾಕವ್ವನಿಗೆ ಹೇಳದೇ ಉಳಿದಿದ್ದ ಒಂದು ಸಂಗತಿ ಇತ್ತು. ಅದು ಇಳಿಹೊತ್ತಿಗೆ ಬಂತು. ಗುಡ್ಡದ ಮೇಲೆ ಟೀ ಕಾಯಿಸಿದ್ದರು. ತಗಡಿನ ಮಗ್ಗುಗಳ ಸದ್ದು, ಬಿಸ್ಕೀಟಿನ ಪೊಟ್ಟಣ ಹರಿದ ಸದ್ದು. ನಮ್ಮಲ್ಲೊಬ್ಬ, ಓಡುವಾಗ ತನ್ನ ಚಡ್ಡಿಯ ಲಾಡಿ ಕಿತ್ತುಹೋದ ಕಥೆ ಹೇಳತೊಡಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಣ್ಣಗೆ ಅಲ್ಲ, ಉಸಿರು ಕಟ್ಟುವ ಹಾಗೆ. ನಿಲ್ಲಿಸಲಾಗದೆ ಬಿಕ್ಕಿ ಬಿಕ್ಕಿ ನಕ್ಕಿದ್ದೆ. ಚೆನ್ನಿಗನನ್ನು ಆಗಿನ್ನೂ ಕೆಳಗಿಳಿಸಿರಲಿಲ್ಲ. ನಮ್ಮ ನಡುಮನೆಯ ತುಂಬ ಆ ನಗು ತುಂಬಿಕೊಂಡಿತು.

ಸಾಕವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಕಂಬ ಹಿಡಿದುಕೊಂಡು ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲು ದಾಟಿ ಹೋದಳು. ಬೀದಿಯ ಉದ್ದಕ್ಕೂ ನನ್ನ ನಗು ಅವಳ ಹಿಂದೆ ಹೋಗುತ್ತಿತ್ತು. ಎದ್ದು ಹೋಗಿ ತಡೆಯೋಣವೆಂದರೆ ನಾನು ಹೋದ ಕಡೆಗೆ ಅದೂ ಬರುತ್ತದೆ. ಹೊತ್ತು ಮುಳುಗುವವರೆಗೆ ಅಲ್ಲೇ ಕೂತಿದ್ದೆ.

ಆಮೇಲೆ ಮೂರು ತಿಂಗಳು ಸಾಕವ್ವ ನನ್ನ ಹತ್ತಿರ ಮಾತಾಡಲಿಲ್ಲ. ಎದುರು ಬಂದರೆ ಜಗಳವಾಡುವ ಮುಖವೂ ಇಲ್ಲ, ಗುರುತಿನ ಮುಖವೂ ಇಲ್ಲ. ಊರಿನವರು ನನ್ನನ್ನು ಏನೂ ಅನ್ನಲಿಲ್ಲ. ಯಜಮಾನರು ಒಂದು ದಿನ ನಿಂತು, ತಾವು ಅವತ್ತು ಮಂಚದ ಕೆಳಗೆ ಕೂತಿದ್ದುದನ್ನು ಮಾತ್ರ ಹೇಳಿ ಹೋದರು. ನಾನು ಮತ್ತೆ ಲಾಳ ಹೊಡೆಯಲು ಶುರುಮಾಡಿದೆ. ಎತ್ತನ್ನು ಕೆಡವಿ, ಕಾಲು ಕಟ್ಟಿದ ಮೇಲೆ ಅದರ ಕಣ್ಣಿಗೆ ಗೋಣಿ ಮುಚ್ಚುವ ಅಭ್ಯಾಸ ಮಾಡಿಕೊಂಡೆ. ಮೊದಲು ಹಾಗೆ ಮುಚ್ಚುತ್ತಿರಲಿಲ್ಲ. ಮಾಯಮ್ಮ ಒಂದು ಬೆಳಿಗ್ಗೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ, ಬಂಕರಿನಲ್ಲಿದ್ದವನಿಗೆ ಎಷ್ಟು ವಯಸ್ಸಿರಬಹುದು ಎಂದು ಕೇಳಿದಳು. ನಾನು ನೋಡಲಿಲ್ಲ ಎಂದೆ. ನಿಜವಾಗಿ ನೋಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೋಗಿ, ಅವನ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ ಎಂದು ಹೇಳಿದೆ. ಅವಳು ಹೂಂ ಎಂದು ಬೀಸತೊಡಗಿದಳು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಮೊದಲಿಗಿಂತ ಕಡಿಮೆಯಾಯಿತು, ಆದರೆ ಆಡಿದ ಮಾತು ನಿಜವಾಗಿರುತ್ತಿತ್ತು.

ಒಂದು ಸೋಮವಾರ ಸಾಕವ್ವ ನಾನು ಕೆಲಸ ಮಾಡುವ ಜಾಗಕ್ಕೇ ಬಂದಳು. ಕೈಯಲ್ಲಿ ಒಂದು ಹಾಳೆ ಇತ್ತು. ನನ್ನ ಸುಬೇದಾರರಿಗೆ ತನ್ನ ತಮ್ಮನ ಕೈಲಿ ಕಾಗದ ಬರೆಸಿದ್ದಳಂತೆ. ಗುಡ್ಡದ ಕಡೆ ಈಗ ಗುಂಡು ನಿಂತಿದೆ, ಕುರುಬರು ಆಡು ಮೇಯಿಸುತ್ತಿದ್ದಾರೆ, ಬಂದರೆ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದು ಅವರು ಉತ್ತರ ಕೊಟ್ಟಿದ್ದರು.

"ಅವ್ನು ಬಿದ್ದ ಜಾಗ ಯಾವ್ದು ಅಂತ ಇದ್ರಲ್ಲಿ ಬರ್ಕೊಡು" ಎಂದಳು.

ನಾನು ಇದ್ದಿಲು ತೆಗೆದುಕೊಂಡು ಗುಡ್ಡ ಬರೆದೆ. ಸೀಳು ಬಂಡೆ ಬರೆದೆ. ಬಂಡೆಯಿಂದ ಎಡಕ್ಕೆ ಹದಿನೈದು ಮಾರು, ಅಲ್ಲೊಂದು ಗುರುತು ಹಾಕಿದೆ. ಗುರುತು ದೊಡ್ಡದಾಯಿತು. ನಾನೂ ಜೊತೆಗೆ ಬರಲೇ ಎಂದು ಕೇಳಿದೆ. ಬೇಡ ಎಂದಳು. ಹಾಳೆಯನ್ನು ಮಡಿಚಿ ಸೊಂಟದ ಸೀರೆಯ ಮಡಿಕೆಗೆ ಸಿಕ್ಕಿಸಿಕೊಂಡು ಹೋದಳು. ಹುಟ್ಟಿದಂದಿನಿಂದ ಸುತ್ತಲಿನ ಸಂತೆಗಳನ್ನು ಬಿಟ್ಟರೆ ಹೊಳೆ ದಾಟದ ಹೆಂಗಸು, ತಮ್ಮನನ್ನು ಕರೆದುಕೊಂಡು ರೈಲು ಹತ್ತಿದಳು.

ಇಪ್ಪತ್ತು ದಿನಕ್ಕೆ ತಿರುಗಿ ಬಂದಳು. ಬಂದವಳನ್ನು ನೋಡಲು ಹೋಗುವ ಧೈರ್ಯ ನನಗಾಗಲಿಲ್ಲ. ಎಂಟನೆಯ ದಿನ ಅವಳ ತಮ್ಮ ಬಂದು, ನಾಳೆ ನೀನು ಬರಬೇಕಂತೆ ಎಂದು ಹೇಳಿ ಹೋದ.

ಹೋದೆ. ಗೂಡಿಗೆ ಅವತ್ತು ಬೆಂಕಿ ಹಾಕಿರಲಿಲ್ಲ. ಗುಡಿಸಲಿನ ಮುಂದೆ ಚಾಪೆ ಹಾಸಿತ್ತು. ನನ್ನನ್ನು ಕೂರಲು ಹೇಳಿ ಅವಳೂ ಕೂತಳು. ಮೊದಲು ಜೀಪಿನ ಸದ್ದು ಬಂತು, ಆಮೇಲೆ ನಿಂತಿತು. ಬರಿಗಾಲು ಕಲ್ಲಿನ ಮೇಲೆ ನಡೆಯುವುದು, ಸಾಕವ್ವನ ಏದುಸಿರು, ನಿಧಾನ ಅಕ್ಕ ಎಂದು ತಮ್ಮ ಹೇಳುವುದು. ದೂರದಲ್ಲಿ ಆಡುಗಳ ಕೊರಳಗಂಟೆ. ಯಾರೋ ಕುರುಬ ಏನೋ ಕೇಳಿದ, ಅವಳಿಗೂ ಅರ್ಥವಾಗಲಿಲ್ಲ, ಅವನಿಗೂ ಇವಳ ಉತ್ತರ ಅರ್ಥವಾಗಲಿಲ್ಲ. ಆಮೇಲೆ ಹಾಳೆ ಬಿಚ್ಚಿದ ಸದ್ದು. ಒಂದು, ಎರಡು ಎಂದು ಅವಳು ಹೆಜ್ಜೆ ಎಣಿಸಿದಳು. ನಿಂತಳು. ಬಹಳ ಹೊತ್ತು ಬರೀ ಗಾಳಿ.

ಹೊತ್ತು ನೆತ್ತಿಗೆ ಬರುವಾಗ ಅವಳ ದನಿ ಬಂತು. ಜಗಲಿಯ ಮೇಲೆ ಮಲಗಿದ ಮಗುವನ್ನು ಎಬ್ಬಿಸುವ ದನಿ.

"ಚೆನ್ನಿಗಾ, ದ್ಯಾವಣ್ಣ ಬತ್ತಾನೆ ಅಂತ ಇನ್ನು ಕಾಯಬ್ಯಾಡ ಕಣಪ್ಪ. ಅವ್ನಿಗೆ ಬರಾಕಾಗ್ಲಿಲ್ಲ. ನಾನು ಬಂದಿವ್ನಿ. ಏಳು, ಊರಿಗೆ ಹೋಗವಾ."

ನಾನು ಅವಳಿಗೆ ಹೇಳಿದ್ದು ಹೋಗಲಿಲ್ಲ ಎಂದು. ಬರಲಾಗಲಿಲ್ಲ ಎಂದು ನಾನು ಎಂದೂ ಹೇಳಿರಲಿಲ್ಲ, ಹೇಳುವ ಹಕ್ಕು ನನಗಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಮುಖ ಮುಚ್ಚಿಕೊಂಡು ಅತ್ತೆ. ಅವಳು ನನ್ನ ಅಳು ಮುಗಿದ ಮೇಲೆ ಒಂದು ಲೋಟ ಅಂಬಲಿ ತಂದು ಮುಂದಿಟ್ಟಳು, ತಾನೂ ಒಂದು ತೆಗೆದುಕೊಂಡಳು.

ಆ ದಿನದ ಉಳಿದ ಹೊತ್ತಿನಲ್ಲಿ ಗುಡ್ಡದಿಂದ ಬೇರೆ ಏನೂ ಬರಲಿಲ್ಲ. ಅವಳು ಅಲ್ಲಿ ಸಂಜೆಯವರೆಗೆ ಸುಮ್ಮನೆ ಕೂತಿದ್ದಳಂತೆ. ಹುಲ್ಲಿನ ಮೇಲೆ ಗಾಳಿ ಬೀಸುತ್ತಿತ್ತು, ಒಮ್ಮೆ ಜೋರಾಗಿ, ಒಮ್ಮೆ ಇಲ್ಲವೇ ಇಲ್ಲ ಎನ್ನುವ ಹಾಗೆ. ನಡುನಡುವೆ ಒಂದು ಹಕ್ಕಿ ಕೂಗುತ್ತಿತ್ತು.

"ಅವತ್ತೂ ಹಿಂಗೇ ಗಾಳಿ ಬೀಸ್ತಿತ್ತಾ?" ಎಂದು ಅವಳು ಕೇಳಿದಳು.

"ಬೀಸಿರಬೌದು ಅವ್ವ. ನಮ್ಗೆ ಕೇಳಿಸ್ಲಿಲ್ಲ."

ಅವಳು ಚಾಪೆಯ ಮೇಲೆ ಸ್ವಲ್ಪ ಸರಿದು ನನಗೂ ಒರಗಲು ಗೋಡೆಯ ಜಾಗ ಬಿಟ್ಟಳು. ಹೊತ್ತು ಮುಳುಗುವವರೆಗೆ ಇಬ್ಬರೂ ಕೂತು ಆ ಗಾಳಿಯನ್ನು ಕೇಳಿದೆವು.